ಆಟ ಮೊದಲು, ಅಂಗಡಿ ಆಮೇಲೆ

ಅಡಿಕೆಯ ಹಣ ಕೈಸೇರುವ ಹೊತ್ತಿಗೆ ಮಲೆನಾಡಿನ ಹಲವು ಮನೆಗಳಲ್ಲಿ ಒಂದು ಬೇಡಿಕೆ ಮಂಡನೆಯಾಗುತ್ತದೆ. ಪಿ.ಯು.ಸಿ. ಓದುವ ಮಗನಿಗೋ ಮಗಳಿಗೋ ಕಂಪ್ಯೂಟರ್ ಬೇಕು. ಓದಿಗೆ ಎಂಬುದು ಹೇಳುವ ಕಾರಣ, ಆಟಕ್ಕೆ ಎಂಬುದು ಒಳಗಿನ ಆಸೆ. ತಂದೆ ತಾಯಿಗೂ ಇದು ತಿಳಿಯದ ಸಂಗತಿಯಲ್ಲ. ಆದರೂ ಯಾರೊಬ್ಬರೂ ಬಾಯಿಬಿಟ್ಟು ಹೇಳದೆ ಪೇಟೆಗೆ ಹೋದಾಗ, ಎಂಥ ಯಂತ್ರ ಬೇಕೆಂಬುದನ್ನು ಅಂಗಡಿಯವರೇ ತೀರ್ಮಾನಿಸುತ್ತಾರೆ. ಬಣ್ಣದ ದೀಪಗಳು ಮಿನುಗುವ ಗಾಜಿನ ಪೆಟ್ಟಿಗೆಯೊಂದು ಕಂತಿನ ಸಾಲದೊಡನೆ ಮನೆ ಸೇರುತ್ತದೆ.

ಆಟ ಅಪರಾಧವೇನಲ್ಲ. ಆಷಾಢದ ಜಡಿಮಳೆಯಲ್ಲಿ ಚೆನ್ನೆಮಣೆ ಹರಡಿಕೊಂಡು ಕೂರುತ್ತಿದ್ದ ಮನೆಗಳಿಗೆ ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಆದುದರಿಂದ ಮೊದಲು ಆಗಬೇಕಾದ ಕೆಲಸವೆಂದರೆ, ಆಡಬೇಕೆನಿಸುವ ಆಟಗಳ ಹೆಸರನ್ನು ಮಕ್ಕಳು ಸಂಕೋಚವಿಲ್ಲದೆ ಒಂದು ಹಾಳೆಯ ಮೇಲೆ ಬರೆಯುವುದು. ಯಂತ್ರವನ್ನು ಆ ಪಟ್ಟಿಯೇ ನಿರ್ಧರಿಸಬೇಕು.

ಆಟಗಳ ಹಸಿವು ಒಂದೇ ತೆರನಾದುದಲ್ಲ. 2016ರಲ್ಲಿ ಬಂದ 'ಸ್ಟಾರ್‌ಡ್ಯೂ ವ್ಯಾಲಿ' ಪಾಳುಬಿದ್ದ ಜಮೀನನ್ನು ಮತ್ತೆ ಹಸನು ಮಾಡುವ ಆಟ. ಅದಕ್ಕೆ ಹತ್ತು ವರ್ಷದ ಹಳೆಯ ಗಣಕವೂ ಸಾಕು. 1999ರ 'ಏಜ್ ಆಫ್ ಎಂಪೈರ್ಸ್' ಎರಡನೆಯ ಭಾಗ, ಉಚಿತವಾಗಿ ದೊರೆಯುವ 'ಸೂಪರ್‌ಟಕ್ಸ್‌ಕಾರ್ಟ್' ಮುಂತಾದವುಗಳಿಗೂ ದೊಡ್ಡ ಯಂತ್ರ ಬೇಡ. ಇನ್ನೊಂದೆಡೆ, ಈಚಿನ ಅದ್ದೂರಿ ಆಟಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಅವುಗಳಲ್ಲಿ ಹಲವು 100 ಗಿಗಾಬೈಟ್‌ಗೂ ಮಿಗಿಲಾದವು. ಗುಡ್ಡ ಹತ್ತಿದರಷ್ಟೇ ಮೊಬೈಲ್ ಸಂಕೇತ ಸಿಗುವ ಊರಿನಲ್ಲಿ ಅಂಥ ಆಟವನ್ನು ಇಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಯಂತ್ರ ಕೊಳ್ಳುವ ಮುನ್ನವೇ ಏಳಬೇಕು.

ಕೃಷಿವಿಜ್ಞಾನದಲ್ಲಿ ಲೀಬಿಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನ ಹೆಸರಿನೊಡನೆ ಬೆಸೆದುಕೊಂಡ ನಿಯಮವೊಂದಿದೆ. ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಅತ್ಯಂತ ಕೊರತೆಯಿರುವುದು. ಪೊಟ್ಯಾಷ್ ಇಲ್ಲದ ತೋಟಕ್ಕೆ ಯೂರಿಯಾ ಸುರಿದರೆ ಫಲವಿಲ್ಲ. ಗಣಕಕ್ಕೂ ಈ ಮಾತು ಸಲ್ಲುತ್ತದೆ. ದುಬಾರಿ ಪ್ರೊಸೆಸರ್ ಹಾಕಿಸಿ ಮೆಮೊರಿಗೆ ಜಿಪುಣತನ ತೋರಿದರೆ ಆಟ ತಡವರಿಸುತ್ತದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್.ಎಸ್.ಡಿ. ಜೋಡಿಸಿದರೆ, ನಿಧಾನವೆಂದು ಮೂಲೆಗೆ ಸೇರಿದ್ದ ಯಂತ್ರವೂ ಚುರುಕಾಗುತ್ತದೆ. ಕೊರತೆ ಎಲ್ಲಿದೆಯೆಂದು ತಿಳಿದು ಅಲ್ಲಿಗೇ ಹಣ ಹಾಕುವುದು ಜಾಣತನ.

ಈ ದೃಷ್ಟಿಯಿಂದ ನೋಡಿದರೆ, ಬಹುಪಾಲು ಮನೆಗಳಿಗೆ ಒಗ್ಗುವುದು ಕಚೇರಿಗಳಲ್ಲಿ ಕೆಲವು ವರ್ಷ ದುಡಿದು, ದುರಸ್ತಿಗೊಂಡು ಮಾರಾಟಕ್ಕೆ ಬರುವ ಡೆಸ್ಕ್‌ಟಾಪ್. ಇಂಟೆಲ್‌ನ ಎಂಟನೆಯ ಪೀಳಿಗೆಯ ಅಥವಾ ಅನಂತರದ ಪ್ರೊಸೆಸರ್ ಉಳ್ಳದ್ದನ್ನೇ ಕೇಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅದಕ್ಕಿಂತ ಹಳೆಯ ಪೀಳಿಗೆಗಳನ್ನು ಬಹುತೇಕ ಒಪ್ಪುವುದಿಲ್ಲ. ಪೆಟ್ಟಿಗೆಯ ಗಾತ್ರವನ್ನೂ ಗಮನಿಸಬೇಕು. ಅಂಗೈಯಗಲದ ಪುಟ್ಟ ಮಾದರಿಗಳಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆ ಜಾಗವಿರದು. ನಿಲುವಿನ ದೊಡ್ಡ ಪೆಟ್ಟಿಗೆಯೇ ಮೇಲು. ಮದರ್‌ಬೋರ್ಡಿನ ಕಾರ್ಡ್ ಕಿಂಡಿ ಗರಿಷ್ಠ 75 ವ್ಯಾಟ್ ಒದಗಿಸಬಲ್ಲುದು. ಆದುದರಿಂದ ಪ್ರತ್ಯೇಕ ವಿದ್ಯುತ್ ತಂತಿ ಬೇಡದ ಜಿಟಿಎಕ್ಸ್ 1650ರಂಥ ಸಣ್ಣ ಕಾರ್ಡನ್ನು, ಅದೂ ಆಟದ ಪಟ್ಟಿ ಬೇಡಿದರೆ ಮಾತ್ರ, ಆಮೇಲೆ ಸೇರಿಸಿಕೊಳ್ಳಬಹುದು.

ಹೊಸದೇ ಬೇಕೆನ್ನುವವರಿಗೆ ನಡುದಾರಿಯೂ ಉಂಟು. ಎ.ಎಂ.ಡಿ. ಸಂಸ್ಥೆಯ ರೈಜನ್ 5 5600ಜಿ ಮಾದರಿಯ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಭಾಗ ಒಳಗೇ ಸೇರಿರುತ್ತದೆ. ಅದು ಗಣಕದ ಮೆಮೊರಿಯನ್ನೇ ಹಂಚಿಕೊಳ್ಳುವುದರಿಂದ 16 ಗಿಗಾಬೈಟಿನ ಒಂದು ಪಟ್ಟಿಗಿಂತ 8ರ ಎರಡು ಪಟ್ಟಿಗಳನ್ನು ಹಾಕಿಸುವುದು ಲಾಭ. ಆದರೆ 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಒಳಗೇ ಸಾಕಷ್ಟು ಮೆಮೊರಿಯಿರುವ ಹಳೆಯ ಯಂತ್ರದ ಮೌಲ್ಯ ಇದರಿಂದ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ಪೇಟೆಯವರು ಬಿಸಾಡಿದ್ದನ್ನು ಹಳ್ಳಿಯವರ ತಲೆಗೆ ಕಟ್ಟುವ ಉಪಾಯವಿದು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹಳೆಯ ಯಂತ್ರಕ್ಕೆ ಅದರದೇ ಕಾಯಿಲೆಗಳಿವೆ. ಹಲವು ಕಚೇರಿ ಗಣಕಗಳ ಪವರ್ ಸಪ್ಲೈ ಸಾಮಾನ್ಯ ಅಳತೆಯದ್ದಲ್ಲ. ಕೆಟ್ಟರೆ ಬದಲಿ ಸಿಗುವುದು ಕಷ್ಟ. ಆದ್ದರಿಂದ ಬಿಲ್ಲು, ಬರಹದಲ್ಲಿ ಕೊಟ್ಟ ವಾರಂಟಿ, ಹತ್ತಿರದಲ್ಲಿ ದುರಸ್ತಿ ಮಾಡುವವರು, ಈ ಮೂರೂ ಇಲ್ಲದೆಡೆ ಕೊಳ್ಳಲೇಬಾರದು. ಅಂಗಡಿಯಲ್ಲೇ ಅರ್ಧ ಗಂಟೆ ಆಟವಾಡಿ ನೋಡಲು ಸಂಕೋಚ ಬೇಡ. ಎತ್ತನ್ನು ಕೊಳ್ಳುವಾಗ ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದ ಜನರಿಗೆ ಇದು ಕಷ್ಟದ ಕೆಲಸವಲ್ಲ.

ಉಳಿಸಿದ ಹಣಕ್ಕೆ ಮಲೆನಾಡಿನಲ್ಲಿ ಬೇರೆ ಕರ್ತವ್ಯವಿದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಹಳೆಯದು ಹೊಸದೆಂದು ಭೇದವೆಣಿಸುವುದಿಲ್ಲ. ಸರಿಯಾದ ಅರ್ಥಿಂಗ್ ಮತ್ತು ಒಂದು ಯು.ಪಿ.ಎಸ್., ಇವು ಬಣ್ಣದ ದೀಪಗಳಿಗಿಂತ ಮೊದಲು ಬರಬೇಕು. ಮೊದಲ ಗುಡುಗಿಗೇ ವಿದ್ಯುತ್ ಪ್ಲಗ್ ಜೊತೆಗೆ ಇಂಟರ್ನೆಟ್ ತಂತಿಯನ್ನೂ ಕಿತ್ತಿಡುವುದು ಮನೆಯ ರೂಢಿಯಾಗಬೇಕು. ಮಳೆಗಾಲದ ಥಂಡಿಯಲ್ಲಿ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡದೆ ಆಗಾಗ ಚಾಲೂ ಮಾಡುವುದೂ ಒಳ್ಳೆಯದು.

ವಿದ್ಯುತ್ತಿನ ಲೆಕ್ಕ ಇನ್ನೂ ಸರಳ. 300 ವ್ಯಾಟ್ ಬೇಡುವ ಯಂತ್ರವನ್ನು ದಿನಕ್ಕೆ 3 ಗಂಟೆ ಬಳಸಿದರೆ ತಿಂಗಳಿಗೆ 27 ಯುನಿಟ್. 80 ವ್ಯಾಟಿನದಾದರೆ 7 ಯುನಿಟ್ ಚಿಲ್ಲರೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ತೊರೆದವರ ಮಕ್ಕಳು ಮೊಮ್ಮಕ್ಕಳು ಬಾಳುತ್ತಿರುವ ಸೀಮೆಯಲ್ಲಿ, ಯುನಿಟ್ಟಿನ ಬೆಲೆ ಬಿಲ್ಲಿನಲ್ಲಿ ಕಾಣುವುದಕ್ಕಿಂತ ಹೆಚ್ಚೆಂದು ಯಾರಿಗೂ ವಿವರಿಸಬೇಕಾಗಿಲ್ಲ.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉಂಟಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದದ್ದು ಶೇ. 22.3 ಎಂದು ದಾಖಲಾಗಿದೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ತ್ಯಾಜ್ಯದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಘಟ್ಟದ ಹಳ್ಳಿಗೆ ಬರುವುದು ತಯಾರಕರಲ್ಲ, ಗುಜರಿಯವರು. ತಾಮ್ರದಾಸೆಗೆ ಸುಟ್ಟ ತಂತಿಯ ವಿಷ ಕೊನೆಗೆ ಸೇರುವುದು ಹಳ್ಳಕ್ಕೂ ಗದ್ದೆಗೂ. ಯಂತ್ರವೊಂದರ ಆಯುಷ್ಯವನ್ನು ಐದು ವರ್ಷ ಹಿಗ್ಗಿಸುವ ಮನೆ, ಅಷ್ಟು ಕಾಲ ಹೊಸದೊಂದರ ತಯಾರಿಕೆಯನ್ನೂ ಹಳೆಯದರ ವಿಲೇವಾರಿಯನ್ನೂ ಮುಂದೂಡುತ್ತದೆ.

ಆದ್ದರಿಂದ ಪೇಟೆಯ ಬಸ್ಸು ಹತ್ತುವ ಮುನ್ನ ಜಗಲಿಯಲ್ಲಿ ಒಂದು ಮಾತುಕತೆ ನಡೆಯಲಿ. ಮಕ್ಕಳು ಆಟದ ಪಟ್ಟಿಯನ್ನು ಮುಂದಿಡಲಿ, ಹಿರಿಯರು ಎಷ್ಟು ಹಣವಿದೆಯೆಂದು ಮುಚ್ಚುಮರೆಯಿಲ್ಲದೆ ಹೇಳಲಿ. ಹತ್ತು ಬಾರಿ ಯೋಚಿಸಿ ಮಾರಿದ ಅಡಿಕೆಯ ಹಣ, ಒಮ್ಮೆಯೂ ಯೋಚಿಸದೆ ಖರ್ಚಾಗದಿರಲಿ.