ಕತ್ತಿಯ ಫೋಟೋ ಗೋಡೆಗಲ್ಲ, ಕುಲುಮೆಗೆ

‘ನಿಮಗೆ ಬೇರೆ ಕೆಲಸ ಇಲ್ಲವಾ ಮಾರಾಯ್ರೆ? ಕತ್ತಿಗೆಲ್ಲ ಫೋಟೋ ತೆಗೆಯುವುದಾ?’

ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ. ಜಗಲಿಯಲ್ಲಿ ಅಡಿಕೆ ಹಾಳೆ ಹಾಸಿ, ಅದರ ಮೇಲೊಂದು ಸಣ್ಣ ಕತ್ತಿ ಮಲಗಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಮೊಣಕಾಲೂರಿ ನಾನು ಮೊಬೈಲ್ ಹಿಡಿದು ಕೂತದ್ದು ಕಂಡರೆ ಯಾರಿಗಾದರೂ ನಗು ಬರಬೇಕಾದ್ದೇ. ನಗಲಿ. ಆದರೆ ಈ ಹುಚ್ಚನ್ನು ಇನ್ನೂ ನಾಲ್ಕು ಮಂದಿ ಕೃಷಿಕರಿಗೆ ಹತ್ತಿಸಬೇಕು ಅಂತ ನನಗೆ ಆಸೆ ಉಂಟು. ಅದಕ್ಕೇ ಈ ಬರಹ.

ನನ್ನಲ್ಲಿರುವುದು 23 ಕಿಸೆಕತ್ತಿ. ದೊಡ್ಡ ಸಂಗ್ರಹ ಏನಲ್ಲ. ಅರ್ಧದಷ್ಟು ನಮ್ಮ ಸುತ್ತಿನ ಕುಲುಮೆಗಳಲ್ಲೇ ಆದ ಪೀಶಕತ್ತಿಗಳು. ಉಳಿದವು ಕಸಿ ಕತ್ತಿ, ಜಾತ್ರೆ ಸಂತೆಯಲ್ಲಿ ಕೊಂಡ ಮಡಚುಕತ್ತಿ, ನೆಂಟರು ಪರದೇಶದಿಂದ ತಂದುಕೊಟ್ಟ ಒಂದೆರಡು. ಕತ್ತಿ ಸೇರಿಸುವ ಹವ್ಯಾಸ ಮೊದಲು ಸುರುವಾಯಿತು. ಫೋಟೋ ತೆಗೆಯುವುದು ಆಮೇಲೆ. ಫೋಟೋ ಹೇಗೆ ತೆಗೆಯಬೇಕು ಅಂತ ಬುದ್ಧಿ ಬಂದದ್ದು ಮಾತ್ರ ಒಂದು ಕತ್ತಿ ಕಳೆದುಹೋದ ಮೇಲೆ.

ಕಳೆದ ಮೇಲೆ ಬಂದ ಬುದ್ಧಿ

ಕಳೆದುಹೋದದ್ದು ಅಪ್ಪನ ಪೀಶಕತ್ತಿ. ಎಮ್ಮೆ ಕೊಂಬಿನ ಹಿಡಿ, ಮಡಚಿದರೆ ಅಂಗೈಯೊಳಗೆ ಅಡಗುವಷ್ಟು ಗಾತ್ರ. ಬಾಳೆಲೆ ಕೊಯ್ಯಲು, ಮೆಣಸಿನ ಬಳ್ಳಿಯ ಕಟ್ಟು ಬಿಡಿಸಲು, ಅಡಿಕೆ ಹೋಳು ಮಾಡಿ ಒಳಗಿನ ಬಣ್ಣ ನೋಡಲು, ಕಸಿ ಕಟ್ಟಲು ಎಲ್ಲದಕ್ಕೂ ಅದೇ. ಮಸೆದು ಮಸೆದು ಅಲಗು ಅರ್ಧ ಸವೆದಿತ್ತು. ಅಪ್ಪನ ನಂತರ ನನ್ನ ಕಿಸೆ ಸೇರಿ ಎರಡು ವರ್ಷ ಇತ್ತು. ಒಂದು ಮಳೆಗಾಲ ತೋಟದ ಉಜಿರುಕಣಿಯ ಹೂಳು ತೆಗೆಯುವಾಗ ಎಲ್ಲೋ ಜಾರಿ ಬಿತ್ತು. ಮಾರನೆ ದಿನ ಕಣಿಯ ನೀರು ತಿರುಗಿಸಿ ಕೆಸರು ಜಾಲಾಡಿದೆವು. ಸಿಗಲಿಲ್ಲ.

ಬೇಜಾರಾಯಿತು. ಆದರೂ ಒಂದು ಧೈರ್ಯ ಇತ್ತು. ಅದರ ಫೋಟೋ ಇತ್ತಲ್ಲ! ಕೆಂಪು ರೇಷ್ಮೆ ಬಟ್ಟೆಯ ಮೇಲಿಟ್ಟು, ಓರೆಯಾಗಿ, ಹತ್ತಿರದಿಂದ ತೆಗೆದದ್ದು. ತೆಗೆಯುವ ಮೊದಲು ಮರಳು ಕಾಗದದಿಂದ ತಿಕ್ಕಿ ಅಲಗಿನ ಕಪ್ಪನ್ನೆಲ್ಲ ತೆಗೆದಿದ್ದೆ. ಫಳಫಳ ಹೊಳೆಯುತ್ತಿತ್ತು. ಚೌಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದೆ. ಅದನ್ನೇ ಇಳಿಸಿ ಕುಲುಮೆಗೆ ಕೊಂಡುಹೋದೆ. ‘ಇಂಥದ್ದೇ ಒಂದು ಮಾಡಿಕೊಡಿ’ ಅಂದೆ.

ಆಚಾರಿಯವರು ಫೋಟೋವನ್ನು ತಿರುಗಿಸಿ ಮುರುಗಿಸಿ ನೋಡಿದರು. ‘ಚಂದ ಉಂಟು. ಅಲಗು ಎಷ್ಟು ಉದ್ದ?’

ನಾನು ಬೆರಳಲ್ಲಿ ತೋರಿಸಿದೆ.

‘ಬೆನ್ನು ಎಷ್ಟು ದಪ್ಪ? ಮೊನೆಗೆ ಹೋಗುವಾಗ ತೆಳು ಆಗ್ತದಾ, ಒಂದೇ ಸಮ ಉಂಟಾ?’

ಗೊತ್ತಿಲ್ಲ.

‘ನಿಮ್ಮ ಅಪ್ಪ ಎಡಗೈಯವರಲ್ವಾ. ಬಾಯಿ ಒಂದೇ ಬದಿಗೆ ತೆಗೆದದ್ದಾ, ಎರಡೂ ಬದಿಗಾ? ಇದರಲ್ಲಿ ಒಂದು ಮಗ್ಗುಲು ಮಾತ್ರ ಕಾಣುವುದು.’

ಎರಡು ವರ್ಷ ಕಿಸೆಯಲ್ಲಿಟ್ಟುಕೊಂಡ ಕತ್ತಿ. ನನ್ನ ಬಳಿ ಉತ್ತರ ಇಲ್ಲ. ‘ಇದನ್ನು ಗೋಡೆಗೆ ಹಾಕಿ. ಕತ್ತಿ ಮಾಡ್ಲಿಕ್ಕೆ ಇದರಲ್ಲಿ ಎಂತ ಇಲ್ಲ’ ಅಂದರು ಅವರು. ಬೈದದ್ದಲ್ಲ, ಇದ್ದದ್ದನ್ನು ಹೇಳಿದ್ದು. ಆದರೂ ಅಂದಾಜಿನಲ್ಲಿ ಒಂದು ಮಾಡಿಕೊಟ್ಟರು. ಅದು ದಪ್ಪ ಆಯಿತು. ಮಡಚಿದರೆ ಮೊನೆ ಸ್ವಲ್ಪ ಹೊರಗೆ ನಿಂತು ಕಿಸೆ ಹರಿಯುತ್ತದೆ. ತಪ್ಪು ಅವರದ್ದಲ್ಲ, ನನ್ನ ಫೋಟೋದ್ದು.

ಚಂದದ ಕತ್ತಿಗೆ ಫೋಟೋ ಉಂಟು, ಕೆಲಸದ ಕತ್ತಿಗೆ ಇಲ್ಲ

ಪಕ್ಕದ ಕೊಡಗಿನ ಪೀಚೆಕತ್ತಿಯ ಫೋಟೋ ಎಷ್ಟು ಬೇಕಾದರೂ ಸಿಗುತ್ತದೆ. ಬೆಳ್ಳಿಯ ಕೆಲಸ ಇರುವಂಥದ್ದು, ಮದುವೆಯಲ್ಲಿ ಕುಪ್ಯದ ಮೇಲೆ ಸೊಂಟಕ್ಕೆ ಸಿಕ್ಕಿಸುವಂಥದ್ದು. ಪ್ರತಿ ಮದುವೆಯ ಆಲ್ಬಮ್ಮಿನಲ್ಲೂ ಅದು ಉಂಟು. ದಿನಾ ತೋಟದಲ್ಲಿ ದುಡಿಯುವ ಪೀಶಕತ್ತಿಗೆ ಆ ಯೋಗ ಇಲ್ಲ. ಅದು ಮುರಿದರೆ ಗುಜರಿಗೆ. ಮಾಡಿದ ಆಚಾರಿಯವರು ತೀರಿಕೊಂಡರೆ ಅಳತೆಯೂ ಅವರ ಜತೆಗೇ ಹೋಯಿತು. ನನ್ನ 23ರಲ್ಲಿ ಊರಿನಲ್ಲಾದ ಕತ್ತಿಗಳನ್ನು ಮಾಡಿದ ಕುಲುಮೆಗಳ ಪೈಕಿ ಇವತ್ತು ಬೆಂಕಿ ಇರುವುದು ಒಂದರಲ್ಲಿ ಮಾತ್ರ.

ಪರದೇಶದ ಕೃಷಿಕರ ಕತ್ತಿಗಳು ಹೀಗೆ ಅಳಿಯದೆ ಉಳಿದದ್ದು ಹೇಗೆ? ಫ್ರಾನ್ಸಿನ ಸವೋಯ್ ಎಂಬ ಗುಡ್ಡಗಾಡಿನಲ್ಲಿ ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಹಳ್ಳಿಯವರಿಗಾಗಿ ಮರದ ಹಿಡಿಯ ಸಾದಾ ಮಡಚುಕತ್ತಿ ಮಾಡಿದ. 1897ರಲ್ಲಿ ಅದಕ್ಕೆ 1ರಿಂದ 12ರವರೆಗೆ ಗಾತ್ರದ ನಂಬರು ಕೊಟ್ಟ. ತೆರೆದ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ಹಿಡಿಯುವ ಬಳೆ ಸೇರಿದ್ದು 1955ರಲ್ಲಿ. ನಂಬರ್ 8 ಅಂದರೆ ಅಲಗು ಎಂಟೂವರೆ ಸೆಂಟಿಮೀಟರ್. ಇವತ್ತು ಕೇಳಿದರೂ ಅದೇ ಸಿಗುತ್ತದೆ. ಎಲ್ಲರಿಗೂ ಗೊತ್ತಿರುವ ಸ್ವಿಸ್ ಕತ್ತಿಯ ಕಥೆ ಇನ್ನೂ ಸ್ವಾರಸ್ಯ. ಸ್ವಿಸ್ ಸೇನೆ 1890ರ ಮಾದರಿ ಅಂತ ಸೈನಿಕರ ಕತ್ತಿಯನ್ನು ಗೊತ್ತುಪಡಿಸಿತು. ಅಷ್ಟು ಕತ್ತಿ ಒಟ್ಟಿಗೆ ಮಾಡುವ ಶಕ್ತಿ ಆ ದೇಶದವರಿಗೆ ಆಗ ಇರಲಿಲ್ಲ. 1891ರಲ್ಲಿ ಮೊದಲ ಕಂತು ಆದದ್ದು ಜರ್ಮನಿಯ ಸೊಲಿಂಗೆನ್ ಊರಿನಲ್ಲಿ! ಮಾದರಿ ಗೊತ್ತಾಗಿದ್ದರೆ ಪರದೇಶದ ಕೈಯೂ ಅದನ್ನು ಮಾಡಬಲ್ಲುದು. ಇಲ್ಲವಾದರೆ ಪಕ್ಕದ ಮನೆಯ ಆಚಾರಿಯವರಿಗೂ ಆಗುವುದಿಲ್ಲ.

ನಮ್ಮಲ್ಲಿ ಕಾರ್ಖಾನೆ ಇಲ್ಲ, ನಂಬರು ಇಲ್ಲ. ಕಿಸೆಯಲ್ಲಿ ಮೊಬೈಲ್ ಉಂಟು. ಹಾಗಾಗಿ ನನ್ನ ವಾದ ಇಷ್ಟೆ: ಕತ್ತಿಯ ಫೋಟೋ ತೆಗೆಯುವುದಾದರೆ, ಅದನ್ನು ನೋಡಿ ಆಚಾರಿಯವರು ಇನ್ನೊಂದು ಕತ್ತಿ ಮಾಡುವಂತಿರಬೇಕು.

ನಾನು ಮಾಡುವ ಕ್ರಮ

ಮೊದಲು ಬೆಳಕು. ಉಕ್ಕಿನ ಅಲಗು ಕನ್ನಡಿಯ ಹಾಗೆ. ಎದುರು ಏನಿದೆಯೋ ಅದನ್ನೇ ತೋರಿಸುತ್ತದೆ. ಫ್ಲ್ಯಾಶ್ ಹಾಕಿದರೆ ಒಂದು ಬಿಳಿ ಉಂಡೆ, ಬಿಸಿಲಿಗೆ ಇಟ್ಟರೆ ಅರ್ಧ ಬಿಳಿ, ಅರ್ಧ ಕಪ್ಪು. ಜಗಲಿಯ ನೆರಳಿನಲ್ಲಿ ಇಟ್ಟು, ಬೆಳಕು ಬರುವ ಎದುರು ಬದಿಗೆ ಒಂದು ಬಿಳಿ ಪಂಚೆ ಎತ್ತಿ ಹಿಡಿಯಲು ಹೇಳಿ. ಅಲಗಿನಲ್ಲಿ ಪಂಚೆಯ ಬಿಳಿ ಒಂದೇ ಸಮ ಕೂರುತ್ತದೆ. ಮಸೆದ ಗೆರೆ ಸ್ಪಷ್ಟ ಕಾಣುತ್ತದೆ.

ಹಿನ್ನೆಲೆಗೆ ಅಡಿಕೆ ಹಾಳೆಯ ಒಳಮೈ ಸಾಕು. ತಿಳಿ ಬಣ್ಣ, ಹೊಳಪಿಲ್ಲ. ಕಪ್ಪು ಅಲಗೂ ಕೊಂಬಿನ ಹಿಡಿಯೂ ಅದರ ಮೇಲೆ ಬಿಡಿಸಿದ ಹಾಗೆ ಕಾಣುತ್ತವೆ. ಕೆಂಪು ರೇಷ್ಮೆ ಬೇಡ. ಅದರ ಕೆಂಪು ಅಲಗಿಗೂ ಹತ್ತುತ್ತದೆ.

ಮೊಬೈಲನ್ನು ಕತ್ತಿಯ ನೇರ ಮೇಲೆ ಹಿಡಿಯಬೇಕು. ತೀರಾ ಹತ್ತಿರ ಹೋದರೆ, ಓರೆ ಹಿಡಿದರೆ ಆಕಾರ ಕೆಡುತ್ತದೆ. ಹಿಡಿ ದಪ್ಪ, ಮೊನೆ ಸಪೂರ ಆಗಿ ಬರುತ್ತದೆ. ಸ್ವಲ್ಪ ದೂರ ನಿಂತು ಜೂಮ್ ಮಾಡುವುದು ಒಳ್ಳೆಯದು. ಸ್ಕೇಲನ್ನು ನೆಲಕ್ಕೆ ಇಟ್ಟು ಬಿಡಬೇಡಿ. ಅಡಿಗೆ ರಟ್ಟಿನ ತುಂಡು ಕೊಟ್ಟು ಅಲಗಿನ ಮಟ್ಟಕ್ಕೆ ತನ್ನಿ. ಇಲ್ಲದಿದ್ದರೆ ಅಳತೆ ತಪ್ಪುತ್ತದೆ. ಸ್ಕೇಲಿನಿಂದ ಇನ್ನೊಂದು ಉಪಕಾರ ಉಂಟು. ಹಿಂದೆ ಸ್ಟುಡಿಯೋದಲ್ಲಿ ನೆಗೆಟಿವ್ ಉಲ್ಟಾ ಹಾಕಿ ಪ್ರಿಂಟ್ ಮಾಡಿದರೆ ಎಡ ಬಲ ಆಗುತ್ತಿತ್ತು. ಕೆಲವು ಮೊಬೈಲ್‌ಗಳ ಮುಂದಿನ ಕ್ಯಾಮೆರಾ ಈಗಲೂ ಹಾಗೆ ಮಾಡುತ್ತದೆ. ಎಡಗೈ ಕತ್ತಿ ಬಲಗೈಯದ್ದಾಗಿ ಬಿಡುತ್ತದೆ! ಸ್ಕೇಲಿನ ಅಂಕೆ ಉಲ್ಟಾ ಕಂಡರೆ ತಪ್ಪು ಅಲ್ಲೇ ಗೊತ್ತಾಗುತ್ತದೆ.

ಒಂದು ಕತ್ತಿಗೆ ಆರು ಫೋಟೋ. ಎಡ ಮಗ್ಗುಲು, ಬಲ ಮಗ್ಗುಲು, ಬೆನ್ನು, ಮಡಚಿದ್ದು, ಮಾಡಿದವರ ಮುದ್ರೆ, ಕೊನೆಗೆ ಕೆಲಸ ಮಾಡುವ ಕೈಯಲ್ಲಿ ಹಿಡಿದದ್ದು. ಮುದ್ರೆ ಸವೆದಿದ್ದರೆ ರಾತ್ರಿ ಟಾರ್ಚನ್ನು ಮಗ್ಗುಲಿನಿಂದ ತೀರಾ ಓರೆಯಾಗಿ ಬಿಡಿ. ಹಗಲು ಕಾಣದ ಅಕ್ಷರ ಎದ್ದು ಬರುತ್ತದೆ.

ಇಷ್ಟಾದರೂ ಫೋಟೋಕ್ಕೆ ದಪ್ಪ ಹೇಳಲು ಬರುವುದಿಲ್ಲ. ಹಿಡಿಯ ಹತ್ತಿರ, ನಡುವೆ, ಮೊನೆಯ ಹತ್ತಿರ, ಹೀಗೆ ಮೂರು ಕಡೆ ಬೆನ್ನಿನ ದಪ್ಪವನ್ನು ವರ್ನಿಯರ್‌ನಿಂದ ಅಳೆದು ಚೀಟಿಯಲ್ಲಿ ಬರೆದು, ಆ ಚೀಟಿಯನ್ನೂ ಫೋಟೋದೊಳಗೇ ಸೇರಿಸುತ್ತೇನೆ. ವರ್ನಿಯರ್ ಇಲ್ಲದವರು ಹತ್ತಿರದ ವರ್ಕ್‌ಶಾಪಿನಲ್ಲಿ ಕೇಳಬಹುದು. ಜತೆಗೆ ಕತ್ತಿಯನ್ನು ಬಿಳಿ ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯುವುದು. ಹಳೇ ಉಪಾಯ, ಆದರೆ ಆಚಾರಿಯವರಿಗೆ ಫೋಟೋಕ್ಕಿಂತ ಇಷ್ಟ. ಜೆರಾಕ್ಸ್ ಅಂಗಡಿಯಲ್ಲಿ ಗಾಜಿನ ಮೇಲೆ ತೆಳು ಪ್ಲಾಸ್ಟಿಕ್ ಹಾಸಿ ಕತ್ತಿ ಮಲಗಿಸಿದರೂ ಇದ್ದ ಗಾತ್ರಕ್ಕೇ ಬರುತ್ತದೆ.

ತಿಕ್ಕಬೇಡಿ

ಫೋಟೋಕ್ಕೆ ಅಂತ ಕತ್ತಿಯನ್ನು ತಿಕ್ಕಿ ಬೆಳಗಬೇಡಿ. ನಾನು ಮಾಡಿದ ದೊಡ್ಡ ತಪ್ಪು ಅದು. ಹಸಿ ಅಡಿಕೆ, ಬಾಳೆಕಾಯಿ ಕೊಯ್ದಾಗ ಅವುಗಳ ಒಗರು ಕಬ್ಬಿಣಕ್ಕೆ ತಾಗಿ ಕಪ್ಪಾಗುತ್ತದೆ. ಆ ಕಪ್ಪು ಕತ್ತಿಗೆ ಕೇಡಲ್ಲ. ಯಾವ ಭಾಗ ಹೆಚ್ಚು ದುಡಿದಿದೆ ಅಂತ ಅದು ಹೇಳುತ್ತದೆ. ಅಲಗನ್ನು ತಿನ್ನುವುದು ಕೆಂಪು ತುಕ್ಕು. ಅದನ್ನು ಮಾತ್ರ ತೆಗೆದರೆ ಸಾಕು. ಮರಳು ಕಾಗದ ಹಾಕಿದರೆ ಮುದ್ರೆಯೂ ಹೋಗುತ್ತದೆ, ಮಸೆದ ಗುರುತೂ ಹೋಗುತ್ತದೆ. ಅಪ್ಪನ ಕತ್ತಿಯಲ್ಲಿ ಬಾಯಿ ಯಾವ ಬದಿಗಿತ್ತು ಎಂಬುದಕ್ಕೆ ಇದ್ದ ಸಾಕ್ಷಿಯನ್ನು ಅಳಿಸಿದವನು ನಾನೇ ಇರಬೇಕು.

ಫೋಟೋ ಆದ ಮೇಲೆ ಬೆರಳಿನ ಬೆವರು ಒರೆಸಿ ತೆಳುವಾಗಿ ಎಣ್ಣೆ ಪಸೆ ಮಾಡಿ ಇಡಬೇಕು. ನಮ್ಮ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಕತ್ತಿ ಇಟ್ಟರೆ ಅದು ತೇವ ಹಿಡಿದುಕೊಳ್ಳುತ್ತದೆ. ಹೊರಗೆ ಇದ್ದರೇ ವಾಸಿ.

‘ಹವ್ಯಾಸ ಅಂದರೆ ಸಂತೋಷಕ್ಕೆ. ಅಳತೆ, ಚೀಟಿ ಅಂತ ಹೋದರೆ ಅದೂ ಒಂದು ಲೆಕ್ಕಪತ್ರ ಆಗುವುದಿಲ್ಲವಾ?’ ಅಂತ ಒಬ್ಬ ಮಿತ್ರರು ಕೇಳಿದರು. ನ್ಯಾಯವಾದ ಮಾತೇ. ಚಂದಕ್ಕೆ ಫೋಟೋ ತೆಗೆಯಬಾರದು ಅಂತ ನಾನು ಹೇಳುವುದಿಲ್ಲ. ನಾನೂ ತೆಗೆಯುತ್ತೇನೆ. ಅದು ಏಳನೆಯದ್ದಾಗಲಿ. ಇನ್ನು ಸಂತೋಷದ ಮಾತು. ಬೆನ್ನಿನ ದಪ್ಪ ಅಳೆಯುವಾಗ ಮೊನೆಗೆ ಹೋದ ಹಾಗೆ ಅದನ್ನು ಎಷ್ಟು ನಾಜೂಕಿನಿಂದ ಇಳಿಸಿದ್ದಾರೆ ಅಂತ ಗೊತ್ತಾಗುತ್ತದಲ್ಲ, ಆ ಸಂತೋಷ ರೇಷ್ಮೆ ಬಟ್ಟೆಯ ಫೋಟೋ ತೆಗೆಯುವಾಗ ನನಗೆ ಸಿಕ್ಕಿರಲಿಲ್ಲ.

‘ಅಂಗಡಿಯಲ್ಲಿ ಹೊಸತು ಸಿಗ್ತದೆ, ಹಳೇ ಅಳತೆ ಯಾಕೆ?’ ಅಂತಲೂ ಕೇಳುತ್ತಾರೆ. ಸಿಗುತ್ತದೆ, ಕೆಲವು ಒಳ್ಳೆಯದೂ ಉಂಟು. ಆದರೆ ಅವು ಎಲ್ಲರ ಕೈಗೂ ಅಂತ ಮಾಡಿದ್ದು. ಕಸಿಗೆ ಒಂದು ಬದಿ ಚಪ್ಪಟೆ ಇದ್ದು ಇನ್ನೊಂದು ಬದಿ ಮಾತ್ರ ಮಸೆದ ಅಲಗು ಬೇಕು. ಆಗ ಕಡಿತ ನೇರ ಬರುತ್ತದೆ, ಕಡ್ಡಿಗೆ ಕಡ್ಡಿ ಕೂಡುತ್ತದೆ. ಎಡಗೈಯವರಿಗೆ ಅದೇ ತಿರುಗಾಮುರುಗ ಆಗಬೇಕು. ಪೇಟೆಯ ಅಂಗಡಿಯಲ್ಲಿ ನಾನು ಕೇಳಿದಲ್ಲೆಲ್ಲ ಎಡಗೈಯದ್ದು ಇಲ್ಲ. ಅಪ್ಪನ ಕೈ ನೋಡಿ ಕತ್ತಿ ಮಾಡಿದ ಆಚಾರಿಯವರು ಇದ್ದರು ನೋಡಿ.

ಕಳೆದ ಬೇಸಗೆ ಪಕ್ಕದ ಮನೆಯ ಭಾವನವರ ಹಳೇ ಪೀಶಕತ್ತಿಗೆ ಹೀಗೆ ಆರು ಫೋಟೋ, ಒಂದು ಚೀಟಿ, ಒಂದು ಪೆನ್ಸಿಲ್ ಗೆರೆ ಮಾಡಿ ಅದೇ ಕುಲುಮೆಗೆ ಕೊಟ್ಟೆ. ಮೂಲ ಕತ್ತಿ ತೋರಿಸಲೇ ಇಲ್ಲ. ಹದಿನೈದು ದಿನ ಬಿಟ್ಟು ಹೋದಾಗ ಕತ್ತಿ ತಯಾರಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದೆವು. ಹೊಸತು ತುಸು ಭಾರ, ಅಷ್ಟೆ. ಮಡಚಿದರೆ ಮೊನೆ ಒಳಗೇ ಕೂತಿತು. ದುಡ್ಡು ಕೊಟ್ಟು ಹೊರಡುವಾಗ ಆಚಾರಿಯವರು ಅಂದರು, ‘ಆ ಕಾಗದ ಇಲ್ಲೇ ಇರಲಿ.’ ಈಗ ಅದು ತಿದಿಯ ಮೇಲಿನ ಗೋಡೆಯಲ್ಲಿ ಮೊಳೆಗೆ ಸಿಕ್ಕಿಸಿಕೊಂಡು ಉಂಟು.

ಅಪ್ಪನ ಕತ್ತಿಯ ಫೋಟೋ ನಮ್ಮ ಚಾವಡಿಗೇ ವಾಪಸು ಬಂದಿದೆ. ಹೊಳೆಯುತ್ತದೆ. ನೋಡಿದವರು ಚಂದ ಅನ್ನುತ್ತಾರೆ.

ಕೃಷಿಕ ಮಿತ್ರರೇ, ಇದಕ್ಕೆ ದೊಡ್ಡ ಕ್ಯಾಮೆರಾ ಬೇಡ, 23 ಕತ್ತಿಯೂ ಬೇಡ. ನಿಮ್ಮ ಕಿಸೆಯಲ್ಲಿ ಈಗ ಇರುವ ಒಂದರಿಂದ ಸುರು ಮಾಡಿ. ಪ್ರಿಂಟ್ ಹಾಕಿಸಿ ಒಂದು ಪ್ರತಿ ಮನೆಯಲ್ಲಿಡಿ, ಇನ್ನೊಂದನ್ನು ನಿಮ್ಮೂರ ಕುಲುಮೆಗೆ ಕೊಡಿ. ಕುಲುಮೆ ಇನ್ನೂ ಇದ್ದರೆ, ಈ ಮಳೆಗಾಲದ ಒಳಗೆ.