ನಮ್ಮ ಮಾತು: ನಮ್ಮ ಓಟು ಯಾವ ಊರಿನಲ್ಲಿದೆ?

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆದುದು 1951-52ರಲ್ಲಿ. ಮತದಾರರು 17 ಕೋಟಿಗೂ ಮೇಲ್ಪಟ್ಟಿದ್ದರು. ಅವರಲ್ಲಿ ಬಹುಮಂದಿಗೆ ಓದುಬರಹ ಬಾರದು. ಆದುದರಿಂದ ಪ್ರತಿಯೊಬ್ಬ ಉಮೇದುವಾರನಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು, ಅದರ ಮೇಲೆ ಜೋಡೆತ್ತು, ಗುಡಿಸಲು, ದೀಪ ಮೊದಲಾದ ಚಿಹ್ನೆಗಳನ್ನು ಅಂಟಿಸಿದರು. ಓಟು ಹಾಕುವ ಕ್ರಮವನ್ನು ರೇಡಿಯೋ, ಸಿನಿಮಾಗಳ ಮೂಲಕ ಜನರಿಗೆ ತಿಳಿಸಿಕೊಟ್ಟರು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಪಟ್ಟಿ ಬರೆಯಲು ಬಂದವರಿಗೆ ಅನೇಕ ಹೆಂಗಸರು ತಮ್ಮ ಹೆಸರು ಹೇಳದೆ, ‘ಇಂಥವರ ತಾಯಿ’, ‘ಇಂಥವರ ಹೆಂಡತಿ’ ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಕಮಿಷನರಾಗಿದ್ದ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಬರೆಸಲು ಅವಕಾಶ ಕೊಟ್ಟ ಮೇಲೂ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಕಾನೂನಿನಲ್ಲಿ ಹಕ್ಕಿತ್ತು, ಪಟ್ಟಿಯಲ್ಲಿ ಹೆಸರಿಲ್ಲದೆ ಓಟು ಹಾಕಲಾಗಲಿಲ್ಲ.

ಪರಸ್ಥಳದಲ್ಲಿ ನೆಲಸಿರುವ ನಮಗೆ ಇದರಲ್ಲಿ ಪಾಠವಿದೆ. ನಮ್ಮಲ್ಲಿ ಎಷ್ಟೋ ಮನೆಯವರ ಹೆಸರು ಇಂದಿಗೂ ಹುಟ್ಟೂರಿನ ಪಟ್ಟಿಯಲ್ಲಿದೆ. ಚುನಾವಣೆ ಬಂದಾಗ ರಜೆ ಸಿಕ್ಕರೆ ರೈಲಿನ ಟಿಕೆಟು ಸಿಗದು, ಟಿಕೆಟು ಸಿಕ್ಕರೆ ರಜೆ ಸಿಗದು. ಅಲ್ಲಿಗೆ ಹೋಗಲಾಗದೆ, ಇಲ್ಲಿ ಹೆಸರಿಲ್ಲದೆ, ಮುಂದಿನ ಐದು ವರ್ಷ ನಲ್ಲಿಯ ನೀರು, ರಸ್ತೆ, ಶಾಲೆಗಳ ವಿಷಯದಲ್ಲಿ ಗೊಣಗುವುದೊಂದೇ ನಮಗೆ ಉಳಿಯುತ್ತದೆ.

1950ರ ಪ್ರಜಾಪ್ರತಿನಿಧಿ ಕಾಯಿದೆಯ ಪ್ರಕಾರ ಹೆಸರು ಒಂದೇ ಕ್ಷೇತ್ರದಲ್ಲಿರತಕ್ಕದ್ದು. ಅದು ನಾವು ಸಾಮಾನ್ಯವಾಗಿ ವಾಸಮಾಡುವ ಕ್ಷೇತ್ರ. ಊರಿನಲ್ಲಿ ಸ್ವಂತ ಮನೆಯಿದೆ ಎಂಬ ಕಾರಣವೊಂದೇ ಸಾಲದು. ಬಾಡಿಗೆ ಮನೆಯವರಿಗೂ ಇಲ್ಲಿ ಹಕ್ಕುಂಟು. ಹೊಸದಾಗಿ ಸೇರುವವರು 6ನೇ ನಮೂನೆಯನ್ನೂ, ಊರಿನಿಂದ ಇಲ್ಲಿಗೆ ಹೆಸರು ವರ್ಗಾಯಿಸಿಕೊಳ್ಳುವವರು 8ನೇ ನಮೂನೆಯನ್ನೂ ತುಂಬಿ ಕೊಡಬೇಕು. 18 ತುಂಬುವ ಮಕ್ಕಳು ಹಿಂದಿನಂತೆ ಜನವರಿ 1ನ್ನೇ ಕಾಯಬೇಕಾಗಿಲ್ಲ. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೇ ತಾರೀಖುಗಳೂ ಗಣನೆಗೆ ಬಂದಿವೆ.

‘ಹೆಸರು ತೆಗೆಸಿದರೆ ಊರಿನ ನಂಟೇ ಹರಿದಂತಲ್ಲವೆ?’ ಎಂದು ಹಿರಿಯರು ನೊಂದುಕೊಳ್ಳುವುದುಂಟು. ಅವರ ನೋವು ನಮಗೂ ಗೊತ್ತು. ಆದರೆ ಊರಿನ ನಂಟು ಹಬ್ಬಹರಿದಿನಗಳಲ್ಲಿ, ಮನೆಯ ಮಾತಿನಲ್ಲಿ, ಬಂಧುಬಳಗದಲ್ಲಿ ಉಳಿದೇ ಉಳಿಯುತ್ತದೆ. ಹಾಕದ ಓಟಿನಿಂದ ಊರಿಗೂ ಪ್ರಯೋಜನವಿಲ್ಲ, ನಮಗೂ ಇಲ್ಲ.

ಆದುದರಿಂದ ಸದಸ್ಯರೆಲ್ಲರೂ ಮನೆಮಂದಿಯ ಹೆಸರು ಇಲ್ಲಿನ ಪಟ್ಟಿಯಲ್ಲಿದೆಯೇ ಎಂದು ಇಂದೇ ನೋಡಿಕೊಳ್ಳಬೇಕಾಗಿ ಪ್ರಾರ್ಥನೆ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರಬಹುದು. ಅದನ್ನು ಮೊದಲು ನೋಡಿರಿ.