ಅಂಗಳಕ್ಕ ಕಾಂಕ್ರೀಟ್ ಹಾಕ್ಸೋಕಿಂತ ಮುಂಚೆ ಒಂದು ಮಾತು

ನಮ್ಮೂರಾಗ ಈಗ ಯಾವ ಗೃಹಪ್ರವೇಶಕ್ಕ ಹೋದ್ರೂ ಒಂದ ನಮೂನಿ ಕಾಣಸ್ತೈತಿ. ಒಳಗ ಗ್ರಾನೈಟ್, ಅಡಿಗಿ ಮನಿ ಗ್ವಾಡಿಗೆಲ್ಲ ಟೈಲ್ಸ್, ಹೊರಗ ಗೇಟಿನ ತನಕ ಕಾಂಕ್ರೀಟು. ತುಳಸವ್ವನೂ ಸಿಮೆಂಟ್ ಕುಂಡದಾಗ. ಬಂದೋರೆಲ್ಲ "ಎಷ್ಟು ಸ್ವಚ್ಛ ಐತಿ ನೋಡು" ಅಂತಾರ. ನಾನೂ ಅಂದಾಕಿನ. ಮೂರು ವರ್ಷದ ಹಿಂದ ನಾವು ಮನಿ ಕಟ್ಟಿಸ್ದಾಗ ನಾವೂ ಹಂಗ ಮಾಡ್ಸಿದ್ವಿ. ಈಗ ಆ ಕಾಂಕ್ರೀಟಿನ ಒಂದು ಮೂಲಿ ಒಡಸಿ ಮಣ್ಣು ತುಂಬಿಸೀವಿ. ಹಾಕ್ಸಾಕ ಒಂದ್ಸಲ ರೊಕ್ಕ, ಒಡಸಾಕ ಇನ್ನೊಂದ್ಸಲ ರೊಕ್ಕ. ನಮ್ಮ ಬಳಗದಾಗ ಈ ವರ್ಷ ಇಬ್ರು ಬುನಾದಿ ತೆಗಸ್ಯಾರ, ಅದಕ್ಕ ಇದನ್ನ ಬರಿಯಾಕತ್ತೀನಿ.

ಹಳೆ ಮನಿ ಮುಂದ ಬೇವಿನ ಗಿಡ ಇತ್ತು, ಅದರ ಬುಡಕ ಒಂದು ಕಲ್ಲ ಬಂಡಿ. ನಮ್ಮತ್ತಿ ಮುಂಜಾನಿ ಅಲ್ಲಿ ಕುಂತ್ರ ಊಟಕ್ಕಷ್ಟ ಒಳಗ ಬರ್ತಿದ್ರು. ಅಕ್ಕಿ ಹಸನ ಮಾಡೋದು, ಮೆಣಸಿನಕಾಯಿ ತೊಟ್ಟು ಬಿಡಸೋದು, ಹಾದ್ಯಾಗ ಹೋಗೋರನ್ನ ಕರದು ಮಾತಾಡ್ಸೋದು. ಹೊಸ ಬುನಾದಿಗೆ ಗಿಡ ಅಡ್ಡ ಬರ್ತೈತಿ ಅಂತ ಕಡಿಸಿದ್ವಿ. "ಇನ್ನೊಂದು ಹಚ್ಚಿದ್ರಾತು" ಅಂತ ಎಲ್ಲಾರೂ ಅಂದ್ವಿ. ಎಲ್ಲಿ ಹಚ್ಚೋದು ಅಂತ ಯಾರೂ ಕೇಳ್ಲಿಲ್ಲ.

ಮನಿ ಹೊಕ್ಕ ಮ್ಯಾಲ ಮೊದಲ ಬ್ಯಾಸಗಿ ಬಂತು. ನಮ್ಮ ಬಳ್ಳಾರಿ ಸೀಮಿ ಬಿಸಲು ನಿಮಗ ಹೇಳ್ಬೇಕೇನು, ಏಪ್ರಿಲ್, ಮೇ ತಿಂಗಳಾಗ 40 ಡಿಗ್ರಿ ದಾಟ್ತೈತಿ. ಕಾಂಕ್ರೀಟು ಹಗಲೆಲ್ಲ ಕಾದಿದ್ದು ರಾತ್ರಿ ಊಟ ಆದ ಮ್ಯಾಲೂ ಬಿಸಿ ಉಗುಳ್ತಿತ್ತು. ಅತ್ತಿ ಒಂದಿನ ಸಂಜಿಮುಂದ ಕುರ್ಚಿ ಹಾಕ್ಕೊಂಡು ಹೊರಗ ಕುಂತ್ರು, ಐದು ನಿಮಿಷಕ್ಕ ಒಳಗ ಬಂದ್ರು. "ಮನಿ ಚೆಂದ ಕಟ್ಸೀರಿ, ನನಗ ಕುಂಡ್ರಾಕ ಜಾಗ ಇಲ್ಲ ನೋಡವ್ವಾ" ಅಂದ್ರು. ಸಿಟ್ಟಿಲೆ ಅಂದಿದ್ರ ನಾನೂ ಒಂದು ಮಾತು ಅಂತಿದ್ನೇನೋ. ಸುಮ್ನ ಅಂದು ಹೋಗಿ ಟಿವಿ ಮುಂದ ಕುಂತ್ರು. ಅವತ್ತಿನಿಂದ ಅವರ ಓಡಾಟ ಕಡಿಮಿ ಆತು, ಮಾತೂ ಕಡಿಮಿ ಆತು. ಅವರನ್ನ ಮಾತಾಡ್ಸಾಕ ಬರೋ ಓಣಿ ಹೆಣ್ಮಕ್ಳು ಹಾಲಿನ ತನಕ ಬರಾಕ ಹಿಂದ ಮುಂದ ನೋಡ್ತಾರ, ಗ್ರಾನೈಟ್ ಮ್ಯಾಲ ಕಾಲಿಡಾಕ ಅವರಿಗೆ ಸಂಕೋಚ.

ಕಾಂಕ್ರೀಟು ಹಾಕ್ಸೋರನ್ನ ನಾನು ಬೈಯಂಗಿಲ್ಲ. ಎರಿ ಮಣ್ಣಿನ ಗುಣ ನಮಗ ಗೊತ್ತೈತಿ. ಮಳಿ ಬಿದ್ರ ಕಾಲಿಗೆ ಹೆಂಟಿಗಟ್ಲೆ ಮೆತ್ಕೊಂಡು ಒಳಗ ಬರ್ತೈತಿ, ಒರಸೋರು ನಾವ. ನಮ್ಮ ನೆಗೆಣ್ಣಿ ಮಾರಿ ಮ್ಯಾಲ ಹೊಡದಂಗ ಅಂದ್ಲು: "ಅಕ್ಕಾ, ಗಿಡ ಇರ್ಬೇಕು ಅಂತ ಎಲ್ಲಾರೂ ಅಂತಾರ, ಉದುರಿದ ಎಲಿ ಹೊಡಿಯಾಕಿ ನಾನು." ಆಕಿ ಮಾತು ಸುಳ್ಳಲ್ಲ. ಬೇವು ಶಿವರಾತ್ರಿ ಸುತ್ತಮುತ್ತ ಎಲಿ ಉದುರಸಾಕ ಹತ್ತಿದ್ರ ದಿನಕ್ಕ ಎರಡ್ಸಲ ಕಸಬರಿಗಿ ಹಿಡೀಬೇಕು.

ಇನ್ನೊಂದು, 2009ರ ಸೆಪ್ಟೆಂಬರ್ ಕೊನಿಗೆ ಬಂದ ಮಳಿ, ಹೊಳಿ ನೀರು ನಮ್ಮ ಸಿರುಗುಪ್ಪ ತಾಲೂಕಿನೋರು ಮರಿಯಂಗಿಲ್ಲ. ನಮ್ಮನಿಯವ್ರು ಅದನ್ನ ನೆನಸ್ಕೊಂಡ ಬುನಾದಿ ಎತ್ತರ ಮಾಡ್ಸಿದ್ರು. ಬುನಾದಿ ಎತ್ತರ ಆದ್ರ ಅಂಗಳನೂ ಎತ್ತರಸ್ಬೇಕು, ಅದಕ್ಕ ಟ್ರ್ಯಾಕ್ಟರಿನ್ಯಾಗ ಗರಸು ತರಿಸಿ ಹೊಡಸಿ ಗಟ್ಟಿ ಮಾಡ್ತಾರ. ಗರಸಿನ್ಯಾಗ ಹುಲ್ಲೂ ಸರಿಯಾಗಿ ಬರಂಗಿಲ್ಲ. "ಹೆಂಗೂ ಏನೂ ಬೆಳಿಯಂಗಿಲ್ಲ, ಕಾಂಕ್ರೀಟ್ ಹಾಕಿಬಿಡ್ರಿ" ಅಂತ ಗೌಂಡಿ ಅಂತಾನ, ನಾವು ಹೂಂ ಅಂತೀವಿ. ಹಿಂಗ ಆಗೋದು.

ನಾನು ಹೇಳೋದು ಇಷ್ಟ. ಕಾಲಾಡೋ ಜಾಗ ಬ್ಯಾರೆ, ಕಾಲಾಡ್ದಿರೋ ಜಾಗ ಬ್ಯಾರೆ. ಗೇಟಿನಿಂದ ಬಾಗಲ ತನಕ, ಗಾಡಿ ನಿಂದ್ರಸೋ ಕಡೆ, ಬಟ್ಟಿ ಒಗಿಯೋ ಕಲ್ಲಿನ ಸುತ್ತ ಹಾಸ್ಕೊಳ್ರಿ, ನಾನೂ ಬಿಟ್ಟಿಲ್ಲ. ಒಂದು ಮೂಲಿ ಮಾತ್ರ ಮಣ್ಣು ಉಳಸ್ರಿ. ಗರಸು ಹೊಡಸೋ ದಿನ ಆ ಮೂಲಿ ಬಿಟ್ಟು ಹೊಡೀರಿ ಅಂತ ಹೇಳ್ರಿ. ಆಮ್ಯಾಲ ಅಗಿಯೋದು ಅಂದ್ರ ಹಾರಿ ತಗೊಂಡು ಕಲ್ಲು ಕಡದಂಗ.

ಬೇವು ಹಚ್ಚೋದಾದ್ರ ಗ್ವಾಡಿಗೆ ಹತ್ತು ಹನ್ನೆರಡು ಅಡಿನಾದ್ರೂ ದೂರ ಇರ್ಲಿ. ಎರಿ ಮಣ್ಣು ಮಳಿಗೆ ಉಬ್ಬಿ ಬ್ಯಾಸಗ್ಯಾಗ ಬಿರುಕು ಬಿಡ್ತೈತಿ, ದೊಡ್ಡ ಗಿಡ ಮಗ್ಗಲ ಇದ್ರ ಬುಡದಾಗಿನ ಪಸಿ ಹೀರಿ ಇನ್ನಷ್ಟು ಬಿರುಕು ಬಿಡ್ತೈತಿ, ಗ್ವಾಡಿಗೆ ತೊಂದ್ರಿ. ಜಾಗ ಸಣ್ಣದಿದ್ರ ಬೇವು ಬ್ಯಾಡ. ನುಗ್ಗಿ ಹಚ್ಚಿದ್ರ ಬೇಗ ನೆಳ್ಳು ಕೊಡ್ತೈತಿ, ಆದ್ರ ಟೊಂಗಿ ಬಾಳ ಸೂಕ್ಷ್ಮ, ಬಿರುಗಾಳಿಗೆ ಮುರೀತೈತಿ. ನಮ್ದು ಒಂದು ಬಿತ್ತು. ಪುಣ್ಯಕ್ಕ ಕೆಳಗ ಯಾರೂ ಇರ್ಲಿಲ್ಲ.

ಕರಿಬೇವು ನಾನು ಎರಡ್ಸಲ ಹಚ್ಚಿ ಎರಡ್ಸಲ ಒಣಗಿಸ್ದೆ. ಅಗದು ನೋಡಿದ್ರ ತಳಗ ಸಿಮೆಂಟ್ ಹೆಂಟಿ, ಸುಣ್ಣ, ಇಟ್ಟಂಗಿ ಚೂರು. ಮನಿ ಕಟ್ಟೋರು ಕಸ ಎಲ್ಲಾ ಅಲ್ಲೇ ಹೂತು ಮ್ಯಾಲ ಚೆಂದ ಕಾಣಂಗ ಮಣ್ಣು ಎಳದಿದ್ರು. ಮೂರನೇ ಸಲ ಎರಡಡಿ ಆಳ ತೆಗಸಿ, ಆ ಕಸ ಎಲ್ಲಾ ಹೊರಗ ಹಾಕ್ಸಿ, ಕೆಮ್ಮಣ್ಣು, ಉಳಿದಿದ್ದ ಉಸುಕು, ತಿಪ್ಪಿ ಗೊಬ್ಬರ ಕಲಸಿ ತುಂಬಿಸ್ದೆ. ಬರೇ ಎರಿ ಮಣ್ಣಾದ್ರ ನೀರು ನಿಂತು ಬೇರು ಕೊಳೀತೈತಿ. ಈಗ ಒಗ್ಗರಣಿಗೆ ಅಂಗಡಿ ಕಡೆ ನೋಡಂಗಿಲ್ಲ. ಪುಂಡಿ ಪಲ್ಯಕ್ಕ ಇಷ್ಟೆಲ್ಲ ಉಪಚಾರ ಬೇಕಿಲ್ಲ, ಬೀಜ ಚೆಲ್ಲಿದ್ರ ಸಾಕು.

ನೀರಿಂದು ಒಂದು ಹೇಳ್ತೀನಿ. ಮಗ್ಗಲ ಹಗರಿ ಇದ್ರೂ ಬ್ಯಾಸಗ್ಯಾಗ ಬರೇ ಉಸುಕು ಕಾಣೋದು, ಗಿಡಕ್ಕಂತ ನಳದ ನೀರು ಬಿಡಾಕ ಆಗಂಗಿಲ್ಲ. ಜಳಕದ ನೀರು, ಅಕ್ಕಿ ಬ್ಯಾಳಿ ತೊಳದ ನೀರು ಬಾಳಿ ಬುಡಕ ಹೋಗೋ ಹಂಗ ಕಾಲವಿ ಮಾಡ್ಸೀನಿ. ಬಟ್ಟಿ ಪೌಡರ್ ನೀರು ಮಾತ್ರ ಬಿಡ್ಬ್ಯಾಡ್ರಿ. ಅದರಾಗಿನ ಉಪ್ಪಿಗೆ ಎರಿ ಮಣ್ಣು ಇನ್ನೂ ಗಟ್ಟಿ ಆಗ್ತೈತಿ. ಹೊಲ ಸವಳಾದ್ರ ಹೆಂಗಿರ್ತೈತಿ ಅಂತ ನಮ್ಮ ಕಡಿಯೋರು ನೋಡೇ ಇರ್ತೀರಿ.

ಹೋದ ವರ್ಷ ಮಳಿಗಾಲದಾಗ ಹಚ್ಚಿದ ಬೇವು ಈಗ ನನ್ನ ತಲಿ ಮಟ್ಟ ಐತಿ. ಅದು ನೆಳ್ಳು ಕೊಡಾಕ ಇನ್ನೂ ವರ್ಷ ಬೇಕು. ಅಲ್ಲಿ ತನಕ ಮಗ ಹಸರು ನೆಟ್ಟು ಕಟ್ಟಿ ಕೊಟ್ಟಾನ, ಹಳೆ ಬಂಡಿ ಅದರ ಕೆಳಗ ಹಾಕ್ಸೀವಿ. ಅತ್ತಿ ಅಲ್ಲಿ ಕುಂಡ್ರತಾರ. "ಬೇವಿನ ಗಾಳಿ ಬ್ಯಾರೆ, ಇದು ಬ್ಯಾರೆ" ಅಂತ ದಿನಾ ಒಂದ್ಸಲ ಅಂತಾರ, ಅನ್ನಲಿ. ಮೆಣಸಿನಕಾಯಿ ಮೊರ ಮತ್ತ ಹೊರಗ ಬಂದೈತಿ, ಓಣಿಯವ್ರೂ ಬಂದು ಕುಂಡ್ರತಾರ.

ಬುನಾದಿ ತೆಗಸಿರೋ ಇಬ್ರಿಗೂ ಹೇಳ್ತೀನಿ, ಅಡಿಗಿ ಮನಿ ಕಟ್ಟಿ ಎಷ್ಟು ಎತ್ತರ ಇರ್ಬೇಕು ಅಂತ ಗೌಂಡಿಗೆ ಹೇಳಾಕ ನಿಂತ್ಕೊಂಡಂಗ, ಅಂಗಳ ಅಳಿಯೋ ದಿನಾನೂ ನಿಂತ್ಕೊಳ್ರಿ. ನಮ್ಮ ಕರಿಬೇವಿನ ಬುಡಕ ಮರಿ ಎದ್ದಾವ, ಮಲ್ಲಿಗಿ ಬಳ್ಳಿನೂ ಕೊಡ್ತೀನಿ. ಮಳಿ ಹಿಡದ ಮ್ಯಾಲ ಬರ್ರಿ, ಬರೋವಾಗ ಒಂದು ಹಳೆ ಚೀಲ ತರ್ರಿ.